ಭಾರ ಇಳಿಸಿ ಬರೆದವರು: ಫ್ರೆಡ್ ವೆದರ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ಗ್ರಾಮೊಫೋನ್ ತಟ್ಟೆಗಳ ನಡುವೆ ಅಂಟಿಸಿರುವ ದುಂಡನೆಯ ಚೀಟಿಯನ್ನು ನೀವು ನೋಡಿದ್ದರೆ, ಅಲ್ಲಿ ಗಾಯಕರ ಹೆಸರು ದಪ್ಪ ಅಕ್ಷರದಲ್ಲಿಯೂ, ಹಾಡು ಕಟ್ಟಿದವರ ಹೆಸರು ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿಯೂ ಇರುವುದನ್ನು ಗಮನಿಸಿರುತ್ತೀರಿ. ಆ ಸಣ್ಣ ಅಕ್ಷರದವರಲ್ಲಿ ಒಬ್ಬರ ವಿಷಯವನ್ನು ಇಂದು ಹೇಳಬೇಕಾಗಿದೆ. ಅವರು ಇಂಗ್ಲೆಂಡಿನ ಫ್ರೆಡರಿಕ್ ಎಡ್ವರ್ಡ್ ವೆದರ್ಲಿ. ಬರೆದದ್ದು ಸುಮಾರು 3,000 ಹಾಡು. ಅಚ್ಚಾದದ್ದು ಅದರ ಅರ್ಧದಷ್ಟು. ಹೊಟ್ಟೆಪಾಡಿಗೆ ಮಾಡಿದ್ದು ವಕೀಲಿ. ನಾನು ಹೇಳಲಿರುವುದು ಒಂದೇ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ: ಹಾಡು ಬರೆಯುವವನ ಕೆಲಸ ಮಾತನ್ನು ಪೇರಿಸುವುದಲ್ಲ, ಭಾರ ಇಳಿಸುವುದು.

ವೆದರ್ಲಿ 1848ರಲ್ಲಿ ಸಾಮರ್ಸೆಟ್ ಸೀಮೆಯ ಪೋರ್ಟಿಸ್‌ಹೆಡ್ ಎಂಬ ಕಡಲತಡಿಯ ಊರಿನಲ್ಲಿ, ವೈದ್ಯರೊಬ್ಬರ ಹಿರಿಯ ಮಗನಾಗಿ ಹುಟ್ಟಿದರು. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ನಡೆದ ಒಂದು ಪ್ರಸಂಗವನ್ನು ನಾನು ಹೇಳದೆ ಬಿಡುವವನಲ್ಲ.

1868ರಲ್ಲಿ ಥೇಮ್ಸ್ ನದಿಯ ಹೆನ್ಲಿಯಲ್ಲಿ ದೋಣಿ ಪಂದ್ಯ. ನಾಲ್ವರು ಹುಟ್ಟು ಹಾಕುವವರು, ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕುಳಿತ ಒಬ್ಬ ಸಣ್ಣ ಆಳು. ಆ ಸಣ್ಣ ಆಳು ನಮ್ಮ ವೆದರ್ಲಿ. ಎಷ್ಟೇ ಸಣ್ಣವನಾದರೂ ಹುಟ್ಟು ಹಾಕದವನು ದೋಣಿಗೆ ಹೊರೆಯೇ ತಾನೆ? ತಂಡದ ವುಡ್‌ಗೇಟ್ ಎಂಬ ಹುಟ್ಟುಗಾರ ಇದಕ್ಕೊಂದು ಉಪಾಯ ಹೂಡಿದ. ದೋಣಿಯನ್ನು ಕಾಲಿನಿಂದಲೇ ತಿರುಗಿಸುವ ಏರ್ಪಾಟನ್ನು ಮೊದಲೇ ಮಾಡಿಕೊಂಡು, ಪಂದ್ಯ ಶುರುವಾದ ಕ್ಷಣದಲ್ಲಿ ಚುಕ್ಕಾಣಿಯವನು ನೀರಿಗೆ ಧುಮುಕಿಬಿಡಬೇಕು ಎಂದು ಗೊತ್ತುಮಾಡಿದ. ವೆದರ್ಲಿ ಧುಮುಕಿದರು. ನದಿಯ ನೈದಿಲೆ ಬಳ್ಳಿಗಳು ಸುತ್ತಿಕೊಂಡು ಪ್ರಾಣಕ್ಕೇ ಸಂಚಕಾರ ಬರುವಂತಾಯಿತು. ಹೇಗೋ ಬದುಕಿ ದಡ ಸೇರಿದರು. ಇತ್ತ ಹಗುರಾದ ದೋಣಿ ಸುಮಾರು 100 ಗಜ ಮುಂದಾಗಿ ಗುರಿ ಮುಟ್ಟಿತು, ಮುಟ್ಟಿದ ಕೂಡಲೇ ನಿಯಮ ಮೀರಿದ್ದಕ್ಕಾಗಿ ಅನರ್ಹವೂ ಆಯಿತು. ಆದರೆ 1873ರ ಹೊತ್ತಿಗೆ ಅದೇ ಪಂದ್ಯವನ್ನು ಚುಕ್ಕಾಣಿಯವನಿಲ್ಲದೆ ನಡೆಸುವುದೇ ನಿಯಮವಾಯಿತು. ಇಪ್ಪತ್ತರ ಈ ಹುಡುಗ ಅಂದು ನೀರಿನಲ್ಲಿ ಮಾಡಿದ್ದನ್ನೇ ಮುಂದೆ ಅರವತ್ತು ವರ್ಷ ಕಾಗದದ ಮೇಲೆ ಮಾಡಿದರು ಎಂದು ನನಗೆ ತೋರುತ್ತದೆ. ಇಲ್ಲದಿದ್ದರೂ ನಡೆಯುವಂಥದ್ದನ್ನು ಹೊರಕ್ಕೆ ಹಾಕು, ದೋಣಿ ತಾನೇ ಓಡುತ್ತದೆ.

ಅದೇ ಆಕ್ಸ್‌ಫರ್ಡಿನಲ್ಲಿ ನ್ಯೂಡಿಗೇಟ್ ಎಂಬ ಹೆಸರಿನ ಕವಿತಾ ಬಹುಮಾನವಿದೆ. ವೆದರ್ಲಿ ಮೂರು ಸಲ ಅದಕ್ಕೆ ಸ್ಪರ್ಧಿಸಿ ಮೂರು ಸಲವೂ ಸೋತರು. ಓದುವ ಕಾವ್ಯಕ್ಕೆ ಬೇಕಾದ ತೂಕ ಅವರ ಕೈಯಲ್ಲಿರಲಿಲ್ಲ. ಹಾಡುವ ಕಾವ್ಯಕ್ಕೆ ಆ ತೂಕ ಬೇಡವಾಗಿತ್ತು. ಈ ವ್ಯತ್ಯಾಸ ತಿಳಿಯದವರು ಇಂದಿಗೂ ಹಾಡಿನ ಸಾಲನ್ನು ಪುಸ್ತಕದ ಸಾಲಿನಂತೆ ಓದಿ, "ಇದರಲ್ಲಿ ಏನಿದೆ?" ಎಂದು ಮೂಗು ಮುರಿಯುತ್ತಾರೆ. ಏನೂ ಇಲ್ಲದಂತೆ ಕಾಣುವುದೇ ಅದರ ಕಸುಬು, ಸ್ವಾಮಿ. ನಮ್ಮ ಕಂಪನಿ ನಾಟಕಗಳಲ್ಲಿ ಪಾರ್ಸಿ ಮತ್ತು ಮರಾಠಿ ರಂಗದ ಮಟ್ಟುಗಳಿಗೆ ಕನ್ನಡದ ಮಾತು ಕೂರಿಸಿದವರನ್ನು ಕೇಳಿದ್ದರೆ ಅವರು ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದರು.

ಆ ಕಾಲದ ಇಂಗ್ಲೆಂಡಿನಲ್ಲಿ ಹಾಡೆಂದರೆ ಮೊದಲು ಅಚ್ಚಾದ ಸ್ವರಲಿಪಿಯ ಹಾಳೆ. ಮನೆಮನೆಯ ಪಿಯಾನೊ ಮುಂದೆ ಅದನ್ನಿಟ್ಟುಕೊಂಡು ಹಾಡುತ್ತಿದ್ದರು. ಪ್ರಕಾಶಕರು ತಾವೇ ಸಂಗೀತ ಕಚೇರಿಗಳನ್ನು ಏರ್ಪಡಿಸಿ, ಹೆಸರಾಂತ ಗಾಯಕರಿಂದ ಹೊಸ ಹಾಡು ಹಾಡಿಸಿ, ಮಾರಾಟವಾದ ಪ್ರತಿ ಹಾಳೆಗೂ ಗಾಯಕರಿಗೆ ಪಾಲು ಕೊಡುತ್ತಿದ್ದರು. ಈ ಪೇಟೆಯಲ್ಲಿ ವೆದರ್ಲಿ 1876ರ ಸುಮಾರಿಗೆ ‘ನ್ಯಾನ್ಸಿ ಲೀ’ ಎಂಬ ನಾವಿಕನ ಹಾಡಿನಿಂದ ಹೆಸರಾದರು; 1892ರಲ್ಲಿ ‘ದ ಹೋಲಿ ಸಿಟಿ’ ಬಂದಿತು. ಎರಡಕ್ಕೂ ಸ್ವರ ಹಾಕಿದವರು ಸ್ಟೀಫನ್ ಆಡಮ್ಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗಾಯಕ ಮೈಕೆಲ್ ಮೇಬ್ರಿಕ್. ಎರಡನೆಯದರಲ್ಲಿ ಬರುವ ‘ಜೆರುಸಲೇಮ್’ ಎಂಬ ಕೂಗನ್ನು ನಮ್ಮ ಕ್ರೈಸ್ತ ಮಿತ್ರರಲ್ಲಿ ಕೆಲವರಾದರೂ ಕೇಳಿರುತ್ತಾರೆ. ಗ್ರಾಮೊಫೋನು ಬಂದಾಗ ಈ ಹಾಡುಗಳು ತಟ್ಟೆಗೆ ಸರಾಗವಾಗಿ ಹತ್ತಿದವು. ಹತ್ತು ಅಂಗುಲದ ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ. ಹನ್ನೆರಡು ಅಂಗುಲದ್ದಾದರೆ ನಾಲ್ಕೂವರೆ. ಹಾಡುವವರು ತಗಡಿನ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ಅಂಥಲ್ಲಿ ತೊಡಕಿನ ಮಾತು ಉಳಿಯುವುದಿಲ್ಲ. ಮೊದಲೇ ಭಾರ ಇಳಿಸಿದ ಮಾತು ಉಳಿಯುತ್ತದೆ.

ಇನ್ನು ‘ಡ್ಯಾನಿ ಬಾಯ್’. ಇದನ್ನು ಐರ್ಲೆಂಡಿನ ಜನಪದ ಗೀತೆ ಎಂದು ಪರಿಚಯಿಸುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಸ್ವರ ಐರ್ಲೆಂಡಿನದು, ನಿಜ. ಲಿಮವಾಡಿ ಎಂಬ ಊರಿನ ಜೇನ್ ರಾಸ್ ಎಂಬಾಕೆ ಅದನ್ನು ಬರೆದುಕೊಂಡು ಕೊಟ್ಟರು, ಹಳೆಯ ಮಟ್ಟುಗಳನ್ನು ಕೂಡಿಡುತ್ತಿದ್ದ ಜಾರ್ಜ್ ಪೆಟ್ರಿ ಅದನ್ನು 1855ರಲ್ಲಿ ಅಚ್ಚು ಹಾಕಿಸಿದರು. ಮಾತು ಮಾತ್ರ ಈ ಇಂಗ್ಲಿಷ್ ವಕೀಲರದು. ಅವರು 1910ರಲ್ಲೇ ‘ಡ್ಯಾನಿ ಬಾಯ್’ ಬರೆದು, ಮರುವರ್ಷ ತಿದ್ದಿ ಇಟ್ಟುಕೊಂಡಿದ್ದರು; ಅದಕ್ಕೆ ಒಪ್ಪುವ ಸ್ವರ ಸಿಕ್ಕಿರಲಿಲ್ಲ. 1912ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿದ್ದ ತಮ್ಮನ ಹೆಂಡತಿ ಅವರಿಗೆ ‘ಲಂಡನ್‌ಡೆರಿ ಏರ್’ ಎಂಬ ಈ ಸ್ವರವನ್ನು ಕಳುಹಿಸಿದರು. ವೆದರ್ಲಿ ಅದುವರೆಗೆ ಅದನ್ನು ಕೇಳಿಯೇ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಮಾತು ಬದಲಿಸಿದರು, ಹಾಡು ಕೂತಿತು, 1913ರಲ್ಲಿ ಅಚ್ಚಾಯಿತು. ಮೊದಲೇ ಅದೇ ಸ್ವರಕ್ಕೆ ಸಾಲುಗಳನ್ನು ಬರೆದಿದ್ದ ಐರಿಷ್ ಕವಿ ಮಿತ್ರ ಆಲ್‌ಫ್ರೆಡ್ ಪರ್ಸಿವಲ್ ಗ್ರೇವ್ಸ್ ಅವರಿಗೆ ಇದರಿಂದ ಮುನಿಸೂ ಬಂದಿತು.

ಈ ಹಾಡಿನಲ್ಲಿ ಅವರು ಏನನ್ನು ದೋಣಿಯಿಂದ ಹೊರಗೆ ಹಾಕಿದ್ದಾರೆ ನೋಡಿ. ಡ್ಯಾನಿ ಎಲ್ಲಿಗೆ ಹೊರಟಿದ್ದಾನೆ, ಯುದ್ಧಕ್ಕೋ ವಲಸೆಗೋ? ಹೇಳಿಲ್ಲ. ಅವನನ್ನು ಬೀಳ್ಕೊಡುತ್ತಿರುವವರು ತಾಯಿಯೋ, ತಂದೆಯೋ, ಪ್ರೇಯಸಿಯೋ? ಅದನ್ನೂ ಹೇಳಿಲ್ಲ. ಊದುವ ಕೊಳವಿವಾದ್ಯಗಳು ಕರೆಯುತ್ತಿವೆ, ಬೇಸಿಗೆ ಮುಗಿದಿದೆ, ನೀನು ಹೋಗಬೇಕು, ನಾನು ಉಳಿಯಬೇಕು; ನೀನು ಬರುವಷ್ಟರಲ್ಲಿ ನಾನು ಸತ್ತಿದ್ದರೆ ಗೋರಿಯ ಬಳಿ ಬಂದು ಮಂಡಿಯೂರು. ಇಷ್ಟೇ. ಹೆಚ್ಚಿನವು ಒಂದೇ ಉಸಿರಿನ ಪುಟ್ಟ ಪದಗಳು. ಹೇಳದೆ ಬಿಟ್ಟಿದ್ದರಿಂದಲೇ ಗಂಡಸರೂ ಹೆಂಗಸರೂ, ಬಿಂಗ್ ಕ್ರಾಸ್ಬಿಯಿಂದ ಎಲ್ವಿಸ್ ಪ್ರೆಸ್ಲಿಯವರೆಗೆ ಯಾರು ಹಾಡಿದರೂ ಅದು ಅವರವರ ಹಾಡಾಯಿತು.

ಸಮಯ ಮುಗಿಯುತ್ತಾ ಬಂದಿದೆ ಎಂದು ಗಾಜಿನಾಚೆಯಿಂದ ಸನ್ನೆಯಾಗುತ್ತಿದೆ. ದೋಣಿಯ ಕತೆಯನ್ನು ನಾನು ಎಳೆದದ್ದರ ಫಲ. ಹಾಗಾಗಿ 1916ರ ‘ರೋಸಸ್ ಆಫ್ ಪಿಕಾರ್ಡಿ’ಗೆ ಹೇಡನ್ ವುಡ್ ಸ್ವರ ಹಾಕಿದರೆಂದೂ, ಅದು ಫ್ರಾನ್ಸಿನ ಕಂದಕಗಳಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ನಿಂತಿತೆಂದೂ, 1919ರಲ್ಲಿ ಐರಿಷ್ ಗಾಯಕ ಜಾನ್ ಮೆಕಾರ್ಮ್ಯಾಕ್ ಅದನ್ನು ತಟ್ಟೆಗೆ ಹಾಡಿದರೆಂದೂ ಅವಸರದಲ್ಲೇ ಹೇಳಬೇಕಾಗಿದೆ. ವೆದರ್ಲಿ ಇಟಲಿಯ ಎರಡು ಪ್ರಸಿದ್ಧ ಗೀತನಾಟಕಗಳನ್ನು ಇಂಗ್ಲಿಷಿಗೆ ತಂದರು, 1926ರಲ್ಲಿ ಆತ್ಮಕಥೆ ಪ್ರಕಟಿಸಿದರು, 1929ರಲ್ಲಿ ಬಾತ್ ಪಟ್ಟಣದಲ್ಲಿ ತೀರಿಕೊಂಡರು.

ಈಗ ‘ಡ್ಯಾನಿ ಬಾಯ್’ನ ಮೊದಲ ಧ್ವನಿಮುದ್ರಣವನ್ನು ಕೇಳಿಸುತ್ತಾರೆ. 1915ರಲ್ಲಿ ಹಾಡಿದವರು ಅರ್ನೆಸ್ಟೀನ್ ಶೂಮನ್ ಹೈಂಕ್, ಮಂದ್ರದ ದನಿಯ ದೊಡ್ಡ ಗಾಯಕಿ; ಮೊದಲ ಮಹಾಯುದ್ಧದಲ್ಲಿ ಆಕೆಯ ಮಕ್ಕಳು ಎರಡೂ ಪಕ್ಷಗಳಲ್ಲಿ ಇದ್ದರು. ಗರಗರ ಸದ್ದಿಗೆ ಬೇಸರಪಡಬೇಡಿ. ಸ್ವರ ಸುಮಾರು ಒಂದೂವರೆ ಸ್ಥಾಯಿಯಷ್ಟು ಹರಡಿಕೊಂಡಿದ್ದು, ಪ್ರತಿ ನುಡಿಯ ಕೊನೆಗೆ ಹತ್ತುತ್ತಾ ಹತ್ತುತ್ತಾ ತುತ್ತತುದಿಯನ್ನು ಮುಟ್ಟುತ್ತದೆ. ಮೊದಲ ನುಡಿಯಲ್ಲಿ ಆ ತುದಿಗೆ ವೆದರ್ಲಿ ಇಟ್ಟಿರುವ ಮಾತು ‘ಹಿಯರ್’, ಎಂದರೆ ‘ಇಲ್ಲೇ’. ಬಿಸಿಲಿರಲಿ ನೆರಳಿರಲಿ, ನಾನು ಇಲ್ಲೇ ಇರುತ್ತೇನೆ. ಅದು ಬರುವವರೆಗೆ ದಯವಿಟ್ಟು ಯಾರೂ ಮಾತನಾಡಬೇಡಿ. ನಮಸ್ಕಾರ.