2400ರ ಪಕ್ಕ 3200 ಕೂರುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಯಾವ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. "ಸಾರ್, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರೋದು 2400ರ ರ‍್ಯಾಮ್. ನಮ್ಮತ್ರ ಈಗ 3200 ಇದೆ. ಹಾಕ್ಬಿಡ್ಲಾ?" ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ; 2400, 3200 ಅನ್ನುವುದು ಅದರ ವೇಗದ ಅಂಕಿ. ಗಿರಾಕಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಜೊತೆಗೆ ಬಂದ ಸ್ನೇಹಿತ "ಬೇಡಪ್ಪ, ಬೋರ್ಡ್ ಸುಟ್ಟುಹೋದೀತು" ಅನ್ನುತ್ತಾನೆ. ಇನ್ನೊಬ್ಬರು "ಹಳೇದು ತೆಗೆದುಬಿಡಿ, ಎರಡೂ ಹೊಸದೇ ಹಾಕಿಸಿ" ಅನ್ನುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿ. ಬೋರ್ಡ್ ಸುಡುವುದಿಲ್ಲ. ಹಳೆಯ ರ‍್ಯಾಮ್ ಎಸೆಯುವ ಅಗತ್ಯವೂ ಇಲ್ಲ.

ಯಾಕೆ ಅಂದರೆ, ರ‍್ಯಾಮ್ ಪಟ್ಟಿಯ ಮೇಲೆ ದೊಡ್ಡ ಕಪ್ಪು ಚಿಪ್‌ಗಳ ಜೊತೆಗೆ ಇನ್ನೊಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಎಸ್‌ಪಿಡಿ ಅನ್ನುತ್ತಾರೆ. ಈ ಪಟ್ಟಿ ಎಷ್ಟು ಜಿಬಿಯದು, ಎಷ್ಟು ವೇಗದವರೆಗೆ ಓಡಬಲ್ಲದು, ಒಂದೊಂದು ಕೆಲಸಕ್ಕೆ ಕನಿಷ್ಠ ಎಷ್ಟು ನ್ಯಾನೋಸೆಕೆಂಡ್ ಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ನೀವು ಪವರ್ ಬಟನ್ ಒತ್ತಿದ ಕೂಡಲೇ, ವಿಂಡೋಸ್ ಏಳುವುದಕ್ಕೂ ಮುಂಚೆ, ಯಂತ್ರವನ್ನು ಎಬ್ಬಿಸುವ ಬಯಾಸ್ ಅನ್ನುವ ತಂತ್ರಾಂಶ ಎರಡೂ ಪಟ್ಟಿಗಳ ಈ ಬರಹ ಓದುತ್ತದೆ. ಪ್ರೊಸೆಸರ್‌ನ ಮಿತಿ ಎಷ್ಟು ಅಂತಲೂ ನೋಡುತ್ತದೆ. ಮೂರಕ್ಕೂ ಹೊಂದುವ ಒಂದು ವೇಗ ಆರಿಸುತ್ತದೆ. ಆಮೇಲೆ ಎರಡೂ ಪಟ್ಟಿಗಳು ಅದೇ ವೇಗದಲ್ಲಿ ಓಡುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಪಾಡು ಇಲ್ಲಿ ಬರುವುದಿಲ್ಲ. ಒಂದು 2400ರಲ್ಲಿ, ಇನ್ನೊಂದು 3200ರಲ್ಲಿ ಓಡಲು ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಬಿಡುವುದೇ ಇಲ್ಲ. ಎರಡೂ 2400.

"ಹಾಗಾದರೆ 3200ಕ್ಕೆ ಕೊಟ್ಟ ದುಡ್ಡು ದಂಡ ಅಲ್ವಾ?" ಅಂತ ನೀವು ಕೇಳಬಹುದು. ಎಷ್ಟೋ ಸಲ ಆ ವೇಗ ನಿಮಗೆ ಹೇಗೂ ಸಿಗುತ್ತಿರಲಿಲ್ಲ. 2017ರಲ್ಲಿ ಬಂದ ಇಂಟೆಲ್‌ನ ಐ5-8250ಯು ಪ್ರೊಸೆಸರ್ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಾಣುತ್ತದೆ. ಈಗ ಸೆಕೆಂಡ್ ಹ್ಯಾಂಡ್ ಆಗಿ ಕಾಲೇಜು ಮಕ್ಕಳ ಕೈಗೆ ಬರುತ್ತಿರುವ ಲ್ಯಾಪ್‌ಟಾಪ್‌ಗಳಲ್ಲೂ ಅದು ಇರುತ್ತದೆ. ಅದರ ಮಿತಿಯೇ 2400. ಅದಕ್ಕಿಂತ ಹಿಂದಿನ ಐ5-7200ಯುಗೆ 2133. ಆಮೇಲೆ ಬಂದ ಐ5-10210ಯುಗೆ 2666. ಐ5-1135ಜಿ7ಗೆ ಬಂದಾಗ ಮಾತ್ರ 3200. ಅಂದರೆ 8250ಯುಗೆ ಎರಡೂ 3200ರ ಪಟ್ಟಿ ಹಾಕಿದರೂ ಅದು 2400ರಲ್ಲೇ ಓಡುತ್ತದೆ. ಬೆಲೆ ಹೆಚ್ಚು ಕಡಿಮೆ ಒಂದೇ ಇದ್ದರೆ 3200 ತಗೊಳ್ಳಿ. ಅದಕ್ಕಾಗಿ ಜಾಸ್ತಿ ಕೊಡಬೇಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. 2400ರ ಒಂದು ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಸಾಗಿಸುತ್ತದೆ. 3200ರದ್ದು 25.6 ಜಿಬಿ. ವ್ಯತ್ಯಾಸ ಮೂರನೇ ಒಂದು ಪಾಲು. ಆದರೆ 2400ರ ಎರಡು ಪಟ್ಟಿಗಳು ಎರಡು ಸ್ಲಾಟ್‌ನಲ್ಲಿ ಕೂತರೆ ಎರಡು ದಾರಿ ತೆರೆಯುತ್ತವೆ. ಡ್ಯುಯಲ್ ಚಾನೆಲ್ ಅನ್ನುವುದು ಇದನ್ನೇ. ಆಗ ಒಟ್ಟು 38.4 ಜಿಬಿ. ಒಂಟಿ 3200ಕ್ಕಿಂತ ಜೋಡಿ 2400 ಎಷ್ಟೋ ಮೇಲು. ಇನ್ನು ಒಂದೊಂದು ಕೋರಿಕೆಗೆ ಉತ್ತರ ಬರಲು ಆಗುವ ತಡ ನೋಡಿ. ಈ ತಡವನ್ನು ಕ್ಲಾಕ್ ಲೆಕ್ಕದಲ್ಲಿ ಹೇಳುವ ಅಂಕಿಯೇ ಸಿಎಲ್. ಸಿಎಲ್17 ಇರುವ 2400ರಲ್ಲಿ ಸುಮಾರು 14.2 ನ್ಯಾನೋಸೆಕೆಂಡ್, ಸಿಎಲ್22 ಇರುವ 3200ರಲ್ಲಿ 13.75. ಅರ್ಧ ನ್ಯಾನೋಸೆಕೆಂಡ್‌ಗೂ ಕಡಿಮೆ ಅಂತರ. ಯಾರ ಕಣ್ಣಿಗೂ ಕಾಣುವುದಿಲ್ಲ.

ಕಣ್ಣಿಗೆ ಕಾಣುವುದು ರ‍್ಯಾಮ್ ಸಾಲದೆ ಹೋದಾಗ ಆಗುವ ತಡ. 4 ಜಿಬಿ ಇರುವ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್‌ನ ಹತ್ತು ಟ್ಯಾಬ್, ಒಂದು ವಿಡಿಯೋ ಮೀಟಿಂಗ್, ಪಕ್ಕದಲ್ಲಿ ಎಕ್ಸೆಲ್ ತೆರೆದರೆ ಜಾಗ ಮುಗಿಯುತ್ತದೆ. ವಿಂಡೋಸ್ ಉಳಿದದ್ದನ್ನು ಡಿಸ್ಕ್‌ಗೆ ಬರೆದಿಡಲು ಶುರುಮಾಡುತ್ತದೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿಯ ಆಸುಪಾಸು. ರ‍್ಯಾಮ್ 19,200 ಎಂಬಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರಂತೂ ಕೇಳಲೇಬೇಡಿ, ಮೌಸ್ ಕೂಡ ತೆವಳುತ್ತದೆ. ಅದಕ್ಕೇ 2400 ಅಥವಾ 3200 ಅನ್ನುವ ಜಗಳಕ್ಕಿಂತ ಒಟ್ಟು ಎಷ್ಟು ಜಿಬಿ ಅನ್ನುವುದು ಮುಖ್ಯ. 4ರ ಪಕ್ಕ 8 ಹಾಕಿದರೂ ನಡೆಯುತ್ತದೆ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಮೊದಲ 4 ಮತ್ತು 4 ಜೋಡಿಯಾಗಿ ಓಡುತ್ತವೆ, ಮಿಕ್ಕ 4 ಜಿಬಿ ಒಂಟಿಯಾಗಿ ಓಡುತ್ತದೆ.

ಒಂದು ಕಡೆ ಮಾತ್ರ ನಾನು ಬೇಡ ಅನ್ನುತ್ತೇನೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರು, ವಿಡಿಯೋ ಎಡಿಟ್ ಮಾಡುವವರು ಇದ್ದೀರಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಂಡು ಬದುಕುತ್ತದೆ. 3200ರ ಎರಡು ಪಟ್ಟಿ ಓಡಬಲ್ಲ ಯಂತ್ರಕ್ಕೆ ಮನೆಯಲ್ಲಿ ಸುಮ್ನೆ ಬಿದ್ದಿದೆ ಅಂತ ಹಳೆಯ 2666 ಸಿಕ್ಕಿಸಿದರೆ ಆರನೇ ಒಂದು ಪಾಲು ವೇಗ ಹೋಗುತ್ತದೆ. ಗೇಮ್‌ನಲ್ಲಿ ಅದು ಗೊತ್ತಾಗುತ್ತದೆ.

ವೇಗ ಬೆರೆಸಬಹುದು, ತಲೆಮಾರು ಬೆರೆಸುವ ಹಾಗಿಲ್ಲ. ಡಿಡಿಆರ್3, 4, 5 ಅನ್ನುವುದು ರ‍್ಯಾಮ್‌ನ ತಲೆಮಾರುಗಳು; ನಾವು ಮಾತಾಡಿದ 2400, 3200 ಎರಡೂ ಡಿಡಿಆರ್4. ಲ್ಯಾಪ್‌ಟಾಪ್‌ನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಹಾಗಾಗಿ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ನಿಜವಾದ ಮೋಸ ಇರುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಪಿನ್ ಒಂದೇ, ಕಚ್ಚು ಒಂದೇ, ವೋಲ್ಟೇಜ್ ಬೇರೆ. ಮೊದಲನೆಯದಕ್ಕೆ 1.5 ವೋಲ್ಟ್, ಎರಡನೆಯದಕ್ಕೆ 1.35. ಎಲ್ ಬೇಕಾದ ಲ್ಯಾಪ್‌ಟಾಪ್‌ಗೆ ಎಲ್ ಇಲ್ಲದ್ದು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಲೇಬಲ್ ಮೇಲೆ ಪಿಸಿ3 ಇದೆಯೋ ಪಿಸಿ3ಎಲ್ ಇದೆಯೋ ಅಂತ ಕಣ್ಣಿಟ್ಟು ನೋಡಿ. ಲೇಬಲ್‌ನಲ್ಲಿ ಕೆಲವರು 2400 ಅಂತ ಬರೆಯದೆ 19200 ಅಂತ ಬರೆದಿರುತ್ತಾರೆ. ಗಾಬರಿ ಬೇಡ, 8ರಿಂದ ಭಾಗಿಸಿ, 2400 ಬರುತ್ತದೆ.

ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಸಲ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ವೇಗ ಎಷ್ಟು, ಸ್ಲಾಟ್ ಎಷ್ಟು, ಖಾಲಿ ಇದೆಯೇ, ಎಲ್ಲ ಅಲ್ಲೇ ಇರುತ್ತದೆ. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ 1200 ಅಂತ ತೋರಿಸಿದರೆ ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಡಿಡಿಆರ್ ಒಂದು ಕ್ಲಾಕ್‌ಗೆ ಎರಡು ಸಲ ಮಾಹಿತಿ ಸಾಗಿಸುತ್ತದೆ, 1200ರ ಎರಡರಷ್ಟೇ 2400. ಟಾಸ್ಕ್ ಮ್ಯಾನೇಜರ್ ಒಂದೊಂದು ಸಲ ಬೋರ್ಡ್‌ಗೆ ಬೆಸೆದ ರ‍್ಯಾಮನ್ನೂ ಸ್ಲಾಟ್ ಅಂತಲೇ ಎಣಿಸುತ್ತದೆ. ಆದ್ದರಿಂದ ನಿಮ್ಮ ಮಾಡೆಲ್‌ನ ಕೈಪಿಡಿಯನ್ನೂ ನೋಡಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಲಾಟ್ ಇರುವುದೇ ಇಲ್ಲ. ಅಂಥದ್ದು ಇರುವವರಿಗೆ ಈ ಭಾಷಣವೇ ಬೇಡ.

ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದರೆ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹಳ ಅಂಗಡಿಗಳು ಮುಚ್ಚಿರುತ್ತವೆ. ಲ್ಯಾಪ್‌ಟಾಪ್ ಜೊತೆಗೇ ಒಯ್ದು ಅಲ್ಲೇ ಹಾಕಿಸಿ, ನಿಮ್ಮ ಕಣ್ಣೆದುರೇ ಆನ್ ಮಾಡಿಸಿ. ನೀವೇ ಹಾಕುವುದಾದರೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ, ಬ್ಯಾಟರಿ ಕನೆಕ್ಟರ್ ಬಿಚ್ಚಿ. ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ, ಆಮೇಲೆ ಪಟ್ಟಿಯ ಅಂಚು ಹಿಡಿಯಿರಿ. ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಅನ್ನುತ್ತವೆ. ಚಿನ್ನದ ಬಣ್ಣದ ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಹೊಸ ಪಟ್ಟಿಗೆ ಅದು ಬೇಕಿಲ್ಲ, ರಬ್ಬರ್ ಪುಡಿ ಸ್ಲಾಟ್ ಸೇರುತ್ತದೆ ಅಷ್ಟೇ.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಹೊಸ ಜೋಡಿಗೆ ಬಯಾಸ್ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಅವಸರದಲ್ಲಿ ಬಟನ್ ಒತ್ತಬೇಡಿ.

ನೂರಕ್ಕೆ ನೂರು ಯಾವ ಜೋಡಿಯೂ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಕಾಗದದ ಮೇಲೆ ಸರಿ ಇದ್ದೂ ಜೊತೆಗೆ ಕೂಡಿದಾಗ ತಕರಾರು ಮಾಡುವ ಪಟ್ಟಿಗಳು ಇವೆ. ಲ್ಯಾಪ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ, ನೀಲಿ ಪರದೆ ಬರುತ್ತಿದ್ದರೆ, ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಆಮೇಲೆ ಒಂದೊಂದೇ ಪಟ್ಟಿ ಹಾಕಿ ಪರೀಕ್ಷಿಸಿ. ಹೊಸದು ಒಂಟಿಯಾಗಿಯೂ ತಪ್ಪು ತೋರಿಸಿದರೆ ಅದು ಕೆಟ್ಟದ್ದು. ಎರಡೂ ಒಂಟಿಯಾಗಿ ಸರಿ ಇದ್ದು ಜೋಡಿಯಾದಾಗ ಮಾತ್ರ ಕೆಡುತ್ತಿದ್ದರೆ ಬೇರೆ ಕಂಪನಿಯ ಪಟ್ಟಿ ಕೊಡಿ ಅಂತ ಕೇಳಿ. ಅಂಗಡಿಯವರು ಬದಲಿಸಿ ಕೊಡಬೇಕಾದರೆ ಬಿಲ್ ಬೇಕು. ಎಷ್ಟು ದಿನದೊಳಗೆ ಬದಲಿಸುತ್ತಾರೆ ಅನ್ನುವುದನ್ನು ದುಡ್ಡು ಕೊಡುವಾಗಲೇ ಆ ಬಿಲ್ ಮೇಲೆ ಬರೆಸಿಕೊಳ್ಳಿ.

ನಮಸ್ಕಾರ.