ಬೆಕ್ಕನ್ನು ಊರಾಚೆ ಬಿಡುವ ಮೊದಲು
(ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ಪಶುವೈದ್ಯರೊಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಾಲು ಹಾಕಿ ಮನೆಗೆ ಹೊರಟವರನ್ನು ಕೂರಿಸಿದ್ದೇನೆ, ಬೇಗ ಮುಗಿಸ್ತೀನಿ.

ಹೋದ ತಿಂಗಳು ಒಬ್ಬ ತಾಯಿ ಮಗಳನ್ನೂ ಬೆಕ್ಕಿನ ಮರಿಯನ್ನೂ ಕರೆತಂದಿದ್ದರು. ಹುಡುಗಿಯ ಮುಂಗೈ ಮೇಲೆ ಬಳೆಯಗಲದ ಕೆಂಪು ಉಂಗುರ. ಅಂಚಲ್ಲಿ ಸಣ್ಣ ಗುಳ್ಳೆ, ನಡುವೆ ಚರ್ಮ ತಿಳಿ. ಮರಿಯ ಕಿವಿಯಂಚಲ್ಲಿ ಕೂದಲು ಬುಡದಲ್ಲೇ ಮುರಿದು, ಬೂದಿ ಉದುರಿಸಿದ ಹಾಗೆ ಹೊಟ್ಟು. “ಇದನ್ನ ಗೋಣಿಚೀಲಕ್ಕೆ ಹಾಕಿ ಕೆರೆ ಆಚೆ ಬಿಟ್ಬಿಡ್ತೀವಿ ಸಾರ್” ಅಂದರು.

ಈ ಚರ್ಮರೋಗಕ್ಕೆ ಹುಳುಕಡ್ಡಿ ಅಂತೀವಿ, ಗಜಕರ್ಣ ಅಂತೀವಿ. ಅದರಲ್ಲಿ ಹುಳುವೂ ಇಲ್ಲ, ಆನೆ ಕಿವಿಯೂ ಇಲ್ಲ. ಹಳೇ ರೊಟ್ಟಿ ಮೇಲೆ ಬರೋ ಬೂಷ್ಟಿನ ಬಳಗ ಅದು. ಚರ್ಮದ ಮೇಲ್ಪದರ, ಕೂದಲು, ಉಗುರು ಇವುಗಳಲ್ಲಿರೋ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನು ಅದರ ಊಟ. ಬೆಕ್ಕಿನಿಂದ ಬರೋದಕ್ಕೆ ಮೈಕ್ರೋಸ್ಪೋರಮ್ ಕ್ಯಾನಿಸ್ ಅಂತ ಹೆಸರು. ಹೆಸರು ನಾಯಿಯದು, ವಾಸ ಹೆಚ್ಚಾಗಿ ಬೆಕ್ಕಿನ ಮೈಮೇಲೆ. ಉದುರಿದ ಕೂದಲಲ್ಲಿ ಇದರ ಬೀಜಕಣ ವರ್ಷದ ಮೇಲೂ ಬದುಕಿರಬಹುದು. ಬೆಕ್ಕು ಕೆರೆ ಆಚೆ ಹೋಯ್ತು ಸರಿ, ಅದು ಮಲಗಿದ್ದ ಕಂಬಳಿ?

ಇನ್ನೊಂದು ಮಾತು. ಈಗ ನಮ್ಮ ದೇಶದಲ್ಲಿ ಹಬ್ಬಿರೋ ಹುಳುಕಡ್ಡಿ ಬಹುಪಾಲು ಮನುಷ್ಯರಿಂದ ಮನುಷ್ಯರಿಗೆ ಬರೋದು. ಅದರಲ್ಲೊಂದು ಜಾತಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು, ಇಂಡಿಯಾದ ಹೆಸರನ್ನೇ ಸೇರಿಸಿ. ಹೆಮ್ಮೆ ಪಡೋ ವಿಷಯವೇನಲ್ಲ. ಹುಳುಕಡ್ಡಿಗೆ ಕೊಡೋ ಟೆರ್ಬಿನಾಫಿನ್ ಮಾತ್ರೆಗೂ ಅದು ಎಷ್ಟೋ ಸಲ ಬಗ್ಗಲ್ಲ. ಸೊಂಟ, ತೊಡೆಸಂದಿಯಲ್ಲಿ ಉಂಗುರ ಎದ್ದಿದ್ದರೆ ಮೊದಲು ಮನೆಯವರ ಟವೆಲ್ಲು, ಪಂಚೆ ನೋಡಿ. ಎತ್ತಿಕೊಂಡ ಕೈ, ಕತ್ತು, ಮಕ್ಕಳ ತಲೆ ಅಂದ್ರೆ ಆಗ ಬೆಕ್ಕು, ನಾಯಿ ಕಡೆ ತಿರುಗಿ.

ಆ ತಾಯಿಯ ಚೀಲದಲ್ಲಿ ಒಂದು ಟ್ಯೂಬ್ ಇತ್ತು. ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದದ್ದು. ತಿರುಗಿಸಿ ಓದಿದೆ: ಕ್ಲೋಬೆಟಾಸಾಲ್. ಸ್ಟೀರಾಯ್ಡ್! ಹಚ್ಚಿದ ಎರಡು ದಿನಕ್ಕೆ ನವೆ ಇಳಿಯುತ್ತೆ, ಕೆಂಪು ಮಾಸುತ್ತೆ. ಇಳಿದದ್ದು ಮೈಯ ಪ್ರತಿರೋಧ. ಬೂಷ್ಟು ಕೆಳಗೆ ಆರಾಮಾಗಿ ಹರಡ್ತಿರುತ್ತೆ. ಕೊನೆಗೆ ಉಂಗುರದ ಆಕಾರವೇ ಅಳಿಸಿಹೋಗಿ ಚರ್ಮದ ಡಾಕ್ಟ್ರಿಗೂ ಗುರುತು ಸಿಗದ ಹಾಗಾಗುತ್ತೆ. ನನಗೆ ಸಿಟ್ಟು ಬರೋದು ಬೆಕ್ಕಿನ ಮೇಲಲ್ಲ, ಈ ಟ್ಯೂಬಿನ ಮೇಲೆ.

ಹುಡುಗಿಯನ್ನು ಚರ್ಮದ ಡಾಕ್ಟ್ರ ಹತ್ತಿರ ಕಳಿಸಿದೆ. ಮರಿಯನ್ನು ಕತ್ತಲೆ ಕೋಣೆಯಲ್ಲಿ ನೀಲಿ ದೀಪದ ಕೆಳಗೆ ಹಿಡಿದಾಗ ಕಿವಿಯ ಕೂದಲು ಎಳೆಎಳೆಯಾಗಿ ತಿಳಿ ಹಸಿರು ಹೊಳೆಯಿತು. ಹೊಳೆಯದಿದ್ದರೆ ರೋಗವಿಲ್ಲ ಅಂತಲ್ಲ, ಈ ಬೂಷ್ಟಿನ ಎಲ್ಲ ತಳಿಯೂ ಹೊಳೆಯಲ್ಲ. ಮರಿಗೆ ಇಟ್ರಾಕೋನಜೋಲ್ ಅನ್ನೋ ಬೂಷ್ಟಿನ ಔಷಧಿ ಶುರು ಮಾಡಿದೆ, ವಾರಗಟ್ಟಲೆ ಕೊಡಬೇಕು. ನಿಮ್ಮ ಮುಲಾಮು ಅದಕ್ಕೆ ಹಚ್ಚಬೇಡಿ, ನೆಕ್ಕಿಬಿಡುತ್ತೆ. ಅಷ್ಟು ದಿನ ಮರಿ ಒಂದೇ ಕೋಣೆಯಲ್ಲಿ. ಪೊರಕೆ ಹಾಕಿದರೆ ಕೂದಲು ಹಾರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಂಬಳಿ ಒಗೆದು ಒಣಗಿಸಿ.

ಕರುಗಳಿಗೂ ಬರುತ್ತೆ, ಅದು ಬೇರೆ ಜಾತಿ. ಕರುವಿನಿಂದ ಗಡ್ಡಕ್ಕೆ ಅಂಟಿದರೆ ಕೀವುಗಟ್ಟಿ ಊದಿಕೊಳ್ಳುತ್ತೆ. ಕುರು ಅಂತ ಕೊಯ್ಸೋರಿದ್ದಾರೆ. ಕಣ್ಣಿನ ಸುತ್ತ ಬೂದು ಹಕ್ಕಳೆ ಕಟ್ಟಿದ ಕರು ಯಾರ ಮನೇಲಾದರೂ ಇದ್ದರೆ ಹೇಳಿ. ಹೇಗೂ ಬಂದಿದ್ದೀನಿ, ನೋಡೇ ಹೋಗ್ತೀನಿ.