ಹಗುರ ಇದ್ದರೆ ಹಾಡುತ್ತದೆ: ಯುಕುಲೇಲಿ ಆರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಮೇಜಿನ ಮೇಲೆ ನಾಲ್ಕು ಯುಕುಲೇಲಿ ಇಟ್ಟಿದ್ದೇನೆ, ಗಿಟಾರ್‌ನ ಪುಟ್ಟ ತಮ್ಮನಂಥ ನಾಲ್ಕು ತಂತಿಯ ವಾದ್ಯ. ಮಾತು ಮುಗಿದ ಮೇಲೆ ನೀವೇ ಎತ್ತಿಕೊಂಡು ನುಡಿಸಿ ನೋಡಿ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ತಂತಿ ಮುಟ್ಟುವುದಿಲ್ಲ. ಬರೀ ಬೆರಳ ಗೆಣ್ಣಿನಿಂದ ಮೇಲ್ಹಲಗೆಯನ್ನು ತಟ್ಟುತ್ತೇನೆ. ಕೇಳಿಸಿಕೊಳ್ಳಿ.

ಇದು ಮೊದಲನೆಯದು. 'ಟಕ್' ಅಂತ ಬಂತು, ಅಲ್ಲಿಗೇ ಸತ್ತಿತು. ಊಟದ ಮೇಜು ತಟ್ಟಿದ ಹಾಗೆ. ಈಗ ಎರಡನೆಯದು. 'ಡುಂ' ಅಂದಿತು. ಅದರಲ್ಲಿ ಒಂದು ಸ್ವರ ಇದೆ, ಅಲ್ವಾ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ತಟ್ಟಿ ನೋಡುತ್ತಿದ್ದರು. ನಾನು ಇವತ್ತು ಹೇಳಬೇಕಾದ್ದರಲ್ಲಿ ಅರ್ಧ ಅಷ್ಟೇ. ತಟ್ಟಿ ನೋಡಿ ಕೊಳ್ಳಿ.

ಮಿಕ್ಕ ಅರ್ಧಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳ ಕೂಲಿಗೆ ಬಂದ 400ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಅವರಲ್ಲಿ ಮೂವರು ಬಡಗಿಗಳು: ಮಾನುಯೆಲ್ ನೂನೆಸ್, ಆಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ಅವರ ಊರಲ್ಲಿ ಮಶೇಟ್ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವಿತ್ತು. ಕೂಲಿಯ ಕರಾರು ಮುಗಿದ ಮೇಲೆ ಮೂವರೂ ಹೊನೊಲುಲುವಿನಲ್ಲಿ ಮರಗೆಲಸಕ್ಕೆ ಕುಳಿತರು. ಕುರ್ಚಿ ಮೇಜಿನ ಜೊತೆಗೆ ಈ ವಾದ್ಯವನ್ನೂ ಮಾಡಿದರು. ಅದೇ ಮುಂದೆ ಯುಕುಲೇಲಿ ಆಯಿತು. ಮರ ಮಾತ್ರ ಅಲ್ಲಿನದ್ದು. ಕೋಆ ಎಂಬ ಮರ. ಹವಾಯಿ ಬಿಟ್ಟರೆ ಅದು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅಲ್ಲಿನವರು ದೋಣಿ ಕೊರೆಯುತ್ತಿದ್ದದ್ದು ಅದರಲ್ಲೇ. ಮಲೆನಾಡಿನ ನೆಡುತೋಪುಗಳಲ್ಲಿ ಸಾಲಾಗಿ ನಿಂತ ಅಕೇಶಿಯಾ ನೋಡಿದ್ದೀರಲ್ಲ, ಕೋಆ ಅದೇ ಕುಲದ್ದು. ಎಲೆ ಕೂಡ ಹಾಗೇ, ಕುಡುಗೋಲಿನಂತೆ ಬಾಗಿರುತ್ತದೆ.

ಹವಾಯಿ ಭಾಷೆಯಲ್ಲಿ 'ಉಕು' ಅಂದರೆ ಚಿಗಟ, 'ಲೆಲೆ' ಅಂದರೆ ಹಾರುವುದು. ತಂತಿಗಳ ಮೇಲೆ ಬೆರಳು ಚಿಗಟದ ಹಾಗೆ ಹಾರುತ್ತದೆ, ಅದಕ್ಕೇ ಈ ಹೆಸರು ಅನ್ನುತ್ತಾರೆ. ಹವಾಯಿಯ ಕೊನೆಯ ರಾಣಿ ಲಿಲಿಯುಓಕಲಾನಿ ಬೇರೆ ಅರ್ಥ ಹೇಳಿದರಂತೆ: 'ಇಲ್ಲಿಗೆ ಬಂದ ಕಾಣಿಕೆ'. ನನಗೆ ಈ ಎರಡನೆಯದೇ ಇಷ್ಟ. ಅವರ ಅಣ್ಣ, ರಾಜ ಕಲಾಕೌವ ಈ ವಾದ್ಯವನ್ನು ಅರಮನೆಗೆ ಕರೆದುಕೊಂಡು, ಹೂಲಾ ನೃತ್ಯದ ಪಕ್ಕದಲ್ಲಿ ಕೂರಿಸಿದರು. ದೊರೆ ಮೆಚ್ಚಿದ ಮೇಲೆ ಊರು ಬಿಡುತ್ತದೆಯೇ?

ಈಗ ನನ್ನ ಮಾತಿನ ನಡುಗಂಬದಂಥ ಕಥೆಗೆ ಬರುತ್ತೇನೆ. ಅಮೆರಿಕದ ಮಾರ್ಟಿನ್ ಕಂಪನಿ ಗೊತ್ತಲ್ಲ, 1833ರಿಂದ ಗಿಟಾರ್ ಮಾಡುತ್ತಾ ಬಂದವರು. 1907ರಲ್ಲಿ ಅವರು ಮೊದಲ ಸಲ ಯುಕುಲೇಲಿ ಮಾಡಿದರು. ಮೇಲ್ಹಲಗೆಗೆ ಸ್ಪ್ರೂಸ್ ಎಂಬ ಮರ ಹಾಕಿದರು. ಒಳಗೆ ಗಿಟಾರ್‌ನಲ್ಲಿ ಹಾಕುವ ಹಾಗೆ ಗಟ್ಟಿ ಪಟ್ಟಿಗಳನ್ನು ಅಂಟಿಸಿದರು. ಕೆಲಸ ಅಚ್ಚುಕಟ್ಟು, ವಾದ್ಯ ಭದ್ರ. ಆದರೆ ಅದು ಹಾಡಲಿಲ್ಲ. ಕೊಳ್ಳುವವರು ಒಪ್ಪಲಿಲ್ಲ. ಅವರು ಅಲ್ಲಿಗೇ ಬಿಟ್ಟರು.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಹವಾಯಿಯ ಮಂಟಪದಲ್ಲಿ ದಿನಾ ಯುಕುಲೇಲಿ. ಕೇಳಿದವರಿಗೆಲ್ಲ ಹುಚ್ಚು ಹಿಡಿಯಿತು. ಆಗ ಮಾರ್ಟಿನ್‌ನವರು ಮತ್ತೆ ಕುಳಿತರು. ಈ ಸಲ ಒಳಪಟ್ಟಿ ಕಡಿಮೆ ಮಾಡಿದರು, ಮಹಾಗನಿ ಮರವನ್ನು ತೆಳ್ಳಗೆ ಹೆರೆದು ಬಳಸಿದರು. 1916ರಿಂದ ಮಾರಿದ ಆ ಯುಕುಲೇಲಿಗಳನ್ನು ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ.

ಏನು ಬದಲಾಯಿತು? ತೂಕ. ಗಿಟಾರ್‌ನ ಉಕ್ಕಿನ ತಂತಿಗಳೆಲ್ಲ ಸೇರಿ ಪೆಟ್ಟಿಗೆಯನ್ನು ಜಗ್ಗುವ ಬಲ ದೊಡ್ಡದು. ಅದನ್ನು ತಡೆಯಲು ಗಟ್ಟಿತನ ಬೇಕು. ಯುಕುಲೇಲಿಯ ನಾಲ್ಕು ನೈಲಾನ್ ತಂತಿಗಳಿಗೆ ಅಷ್ಟು ಶಕ್ತಿ ಎಲ್ಲಿಯದು? ಆ ಅಲ್ಪ ಬಲಕ್ಕೇ ಹಲಗೆ ಅಲುಗಬೇಕು. ದಪ್ಪ ಹಲಗೆ ಅಲುಗುವುದಿಲ್ಲ. ಹಲಗೆ ಅಲುಗದಿದ್ದರೆ ನಾದ ಇಲ್ಲ. ಹಾಗಾಗಿ ಅಂಗಡಿಗೆ ಹೋದಾಗ ಮೊದಲು ಕೈಯಲ್ಲಿ ಹಿಡಿದು ತೂಗಿ. 'ಅಯ್ಯೋ, ಇಷ್ಟು ಹಗುರವೇ' ಅನ್ನಿಸಿದರೆ ಒಳ್ಳೆಯ ಲಕ್ಷಣ. ದಪ್ಪ ಬಣ್ಣ, ಮಂದ ವಾರ್ನಿಷ್ ಬಳಿದ ವಾದ್ಯಗಳ ಬಗ್ಗೆ ಎಚ್ಚರ. ಬಣ್ಣವೂ ಒಂದು ತೂಕವೇ.

ನನ್ನ ಮೊದಲ ಯುಕುಲೇಲಿ ನೀಲಿ ಬಣ್ಣದ್ದು. ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಎಷ್ಟು ಚೆಂದ ಇತ್ತು ಅಂದರೆ, ಗೋಡೆಗೆ ನೇತುಹಾಕಿ ನೋಡುತ್ತಾ ಕೂರುತ್ತಿದ್ದೆ. ಆದರೆ ನುಡಿಸಿದರೆ ಏನೋ ಅಪಸ್ವರ. ಬಿಟ್ಟ ತಂತಿ ಶ್ರುತಿಯಲ್ಲಿ ಇರುತ್ತಿತ್ತು, ಮೆಟ್ಟು, ಅಂದರೆ ಫ್ರೆಟ್, ಹಿಡಿದ ಕೂಡಲೇ ಸ್ವರ ಮೇಲಕ್ಕೆ ಜಾರುತ್ತಿತ್ತು. ತಪ್ಪು ನನ್ನ ಕಿವಿಯದ್ದೇ ಅಂದುಕೊಂಡೆ. ಎಂಟು ತಿಂಗಳು ಹಾಗೇ ಕಳೆಯಿತು. ಕೊನೆಗೆ ಸ್ನೇಹಿತರೊಬ್ಬರು ಕೈಗೆ ತೆಗೆದುಕೊಂಡು ಹನ್ನೆರಡನೇ ಮೆಟ್ಟು ಒತ್ತಿದರು. ಮೀಟಿದರು. ಅದು ಬಿಟ್ಟ ತಂತಿಯ ತಾರಸ್ಥಾಯಿ ಆಗಿರಬೇಕಿತ್ತು. ಆಗಿರಲಿಲ್ಲ, ಕಾಲು ಸ್ವರದಷ್ಟು ಮೇಲಿತ್ತು. ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊರುವ ಕುದುರೆಯನ್ನೇ ತಪ್ಪು ಜಾಗದಲ್ಲಿ ಅಂಟಿಸಿದ್ದರು. ಆ ವಾದ್ಯದಲ್ಲಿ ಯಾರು ನುಡಿಸಿದ್ದರೂ ಸ್ವರ ಸರಿಯಾಗುತ್ತಿರಲಿಲ್ಲ.

ಈ ಮಾತು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಕ್ಕಳಿಗೆ 'ಸುಮ್ನೆ ಆಡಿಕೊಳ್ಳಲಿ' ಅಂತ ಆಟಿಕೆ ತಂದುಕೊಡುವವರು ಇಲ್ಲಿ ಇರಬಹುದು. ದಯವಿಟ್ಟು ಬೇಡ. ಮಗು ಸರಿಯಾಗಿಯೇ ಬೆರಳಿಡುತ್ತದೆ, ವಾದ್ಯ ತಪ್ಪು ಸ್ವರ ಕೊಡುತ್ತದೆ. 'ನನಗೆ ಸಂಗೀತ ಬರುವುದಿಲ್ಲ' ಅಂತ ಮಗು ತೀರ್ಮಾನ ಮಾಡಿಬಿಡುತ್ತದೆ. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ. ಬೇಸರವಾಗುತ್ತದೆ. ಹನ್ನೆರಡನೇ ಮೆಟ್ಟು ಒತ್ತಿ ನೋಡಲು ಒಂದು ನಿಮಿಷ ಸಾಕು. ಫೋನ್‌ನಲ್ಲಿ ಟ್ಯೂನರ್ ಆ್ಯಪ್ ಇರುತ್ತದೆ, ನಾಲ್ಕೂ ತಂತಿಗೆ ಮಾಡಿ ನೋಡಿ. ಅದೇ ಜಾಗದಲ್ಲಿ ತಂತಿ ಮೆಟ್ಟಿಗಿಂತ ಎಷ್ಟು ಮೇಲಿದೆ ಅಂತಲೂ ಗಮನಿಸಿ. ಸುಮಾರು 3 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಬೆರಳು ನೋಯುತ್ತದೆ.

ಇನ್ನು ಅಳತೆ. ಸೊಪ್ರಾನೊ, ಕಾನ್ಸರ್ಟ್, ಟೆನರ್, ಬ್ಯಾರಿಟೋನ್ ಅಂತ ನಾಲ್ಕು. ಸೊಪ್ರಾನೊ ಒಟ್ಟು 21 ಇಂಚು ಉದ್ದ, ಕಾನ್ಸರ್ಟ್ 23, ಟೆನರ್ 26, ಬ್ಯಾರಿಟೋನ್ 30ರ ಆಸುಪಾಸು. ಇದರಲ್ಲಿ ಒಂದು ಸ್ವಾರಸ್ಯ ಇದೆ. ಮೊದಲ ಮೂರಕ್ಕೂ ಶ್ರುತಿ ಒಂದೇ! ಸಂಗೀತ ಗೊತ್ತಿರುವವರಿಗೆ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಯುಕುಲೇಲಿಯ ತಂತಿಗಳು ಮೇಲಿನಿಂದ ಕೆಳಕ್ಕೆ ಪ, ಸ, ಗ, ದ. ಮೇಲಿನ ತಂತಿಯೇ ಎಲ್ಲಕ್ಕಿಂತ ಕೆಳಗಿನ ಸ್ವರ ಆಗಿರಬೇಕಲ್ಲ, ಗಿಟಾರ್‌ನಲ್ಲಿ ಹಾಗೇ ತಾನೇ? ಇಲ್ಲಿ ಹಾಗಲ್ಲ. ಮೊದಲು ಸಿಗುವ ಪಂಚಮ ಷಡ್ಜಕ್ಕಿಂತ ಮೇಲಿನದ್ದು. ಕೈ ಕೆಳಗೆ ಎಳೆದಾಗ ಸ್ವರ ಮೇಲಿಂದ ಕೆಳಕ್ಕೆ ಜಿಗಿದು ಮತ್ತೆ ಏರುತ್ತದೆ. ಕೇಳಿ. [ನುಡಿಸುತ್ತಾರೆ] ನಾಲ್ಕೂ ಸ್ವರ ಒಂದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂತ ಹಾಗಿದೆ. ಯುಕುಲೇಲಿ ಕೇಳಿದ ತಕ್ಷಣ ಮುಖದಲ್ಲಿ ನಗು ಬರುವುದಕ್ಕೆ ಈ ಜೋಡಣೆಯೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಶ್ರುತಿ ಒಂದೇ ಆದರೂ ದನಿ ಬೇರೆ. ಸೊಪ್ರಾನೊದ ದನಿ ಚಿಟಿಕೆ ಹೊಡೆದ ಹಾಗೆ, ಬಂತು, ಹೋಯಿತು. ತಾಳ ಹಿಡಿದು ಹಾಡಲು ಅದರಷ್ಟು ಚೆಂದ ಯಾವುದೂ ಇಲ್ಲ. ಟೆನರ್‌ನಲ್ಲಿ ತಂತಿ ಉದ್ದ, ಬಿಗಿ ಜಾಸ್ತಿ, ಪೆಟ್ಟಿಗೆ ದೊಡ್ಡದು. ನಾದ ನಿಲ್ಲುತ್ತದೆ. ಒಂದೊಂದೇ ಸ್ವರ ಬಿಡಿಸಿ ನುಡಿಸುವವರಿಗೆ ಅದು ಒಳ್ಳೆಯದು. ಹವಾಯಿಯ ಹೆಸರಾಂತ ವಾದಕ ಜೇಕ್ ಶಿಮಾಬುಕುರೊ ಅಂಥವರು ನುಡಿಸುವುದು ಟೆನರ್. ಕಾನ್ಸರ್ಟ್ ನಡುವಿನದ್ದು, ದಪ್ಪ ಬೆರಳಿನವರು ಅದರಿಂದ ಶುರು ಮಾಡಿದರೆ ಆರಾಮ. ಬ್ಯಾರಿಟೋನ್ ಶ್ರುತಿಯೇ ಬೇರೆ, ಗಿಟಾರ್‌ನ ಕೆಳಗಿನ ನಾಲ್ಕು ತಂತಿಗಳದ್ದು. ಅದನ್ನು ಇವತ್ತು ಬಿಡೋಣ.

ಮರದ ವಿಷಯಕ್ಕೆ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಕ್ಷಮಿಸಿ. ಅಂಗಡಿಯವರು 'ಇದು ಕೋಆ', 'ಇದು ಮಹಾಗನಿ' ಅನ್ನುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಇಡೀ ಹಲಗೆಯೋ, ಪದರ ಅಂಟಿಸಿದ ಪ್ಲೈಯೋ? ಪ್ಲೈ ಆದರೆ ಮೇಲಿನ ಪದರ ಯಾವ ಮರದ್ದಾದರೂ ದನಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನೋಡುವುದು ಹೀಗೆ: ನಾದರಂಧ್ರದ ಅಂಚಿಗೆ ಕಣ್ಣು ಹತ್ತಿರ ತನ್ನಿ. ಮೇಲಿನ ಎಳೆ ಅಂಚಿನಲ್ಲಿ ಹಾಗೇ ಒಳಕ್ಕೆ ಇಳಿದಿದ್ದರೆ ಇಡೀ ಹಲಗೆ. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈ. ಪ್ಲೈ ಕೆಟ್ಟದ್ದು ಅನ್ನುತ್ತಿಲ್ಲ. ಕರಾವಳಿಯ ಮಳೆಗಾಲ, ಕಲಬುರಗಿಯ ಬೇಸಿಗೆ ಎರಡನ್ನೂ ಅದು ತಡೆದುಕೊಳ್ಳುತ್ತದೆ. ಇಡೀ ಹಲಗೆ ಗಾಳಿಯ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಅದನ್ನು ಕೊಂಡರೆ ಪೆಟ್ಟಿಗೆಯಲ್ಲಿಟ್ಟು ಸಾಕಬೇಕು. ಬಸ್ಸಿನಲ್ಲಿ ಒಯ್ಯಲು, ಶಾಲೆಗೆ ಕಳಿಸಲು ಪ್ಲೈ ಒಳ್ಳೆಯದು.

ಇಡೀ ಹಲಗೆಯಾದರೆ ಮರ ಮಾತಾಡುತ್ತದೆ. ಮಹಾಗನಿ ಬೆಚ್ಚಗೆ, ಸ್ಪ್ರೂಸ್ ಚುರುಕು, ಸೀಡರ್ ಮೆತ್ತಗೆ. ಕೋಆ ಮೊದಲಿಗೆ ಸ್ವಲ್ಪ ಬಿಗುಮಾನ ತೋರಿಸಿ ನುಡಿಸುತ್ತಾ ನುಡಿಸುತ್ತಾ ಬಿಚ್ಚಿಕೊಳ್ಳುತ್ತದೆ ಅಂತ ನನ್ನ ಅನುಭವ. ಅದರ ಮೈಮೇಲಿನ ಅಲೆಯಂಥ ಎಳೆ ಕಣ್ಣಿಗೆ ಹಬ್ಬ, ಆದರೆ ಆ ಅಲೆಗೆ ಕೊಡುವ ದುಡ್ಡು ಅಂದಕ್ಕೆ, ನಾದಕ್ಕಲ್ಲ. ಹವಾಯಿಯಲ್ಲಿ ಮಾವಿನ ಮರದಲ್ಲೂ ಮಾಡುತ್ತಾರೆ. ನಮ್ಮ ಕಡೆಯಿಂದ ಹೋದ ಮಾವು! ಬೆರಳು ಓಡಾಡುವ ಪಟ್ಟಿ ನೋಡಿ, ಈ ಕಪ್ಪುಗೆಂಪು. ವಾದ್ಯ ಮಾಡುವವರು ಇದನ್ನು ಇಂಡಿಯನ್ ರೋಸ್‌ವುಡ್ ಅನ್ನುತ್ತಾರೆ. ಅದೇ ನಮ್ಮ ಬೀಟೆ. 2017ರ ಜನವರಿಯಿಂದ ಆ ಕುಲದ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಯಂತ್ರಣ ಬಂತು. ವಾದ್ಯ ತಯಾರಕರು ಪೇಚಾಡಿದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಹಲವರು ಬೇರೆ ಮರಗಳಿಗೆ ಹೊರಳಿದ್ದರು. ಬೀಟೆ ಉಳಿಯಲಿ ಅನ್ನುವವನು ನಾನು, ಅದಕ್ಕೆ ನನ್ನ ತಕರಾರಿಲ್ಲ. ಈ ಪಟ್ಟಿಯ ಮರದಿಂದ ನಾದ ಅಷ್ಟೇನೂ ಬದಲಾಗುವುದಿಲ್ಲ. ಪಟ್ಟಿಯ ಅಂಚಿನ ಮೇಲೆ ಬೆರಳು ಸವರಿ ನೋಡಿ, ಮೆಟ್ಟುಗಳ ತುದಿ ಚುಚ್ಚಬಾರದು. ಅದು ಮುಖ್ಯ.

ತಂತಿ ಬಗ್ಗೆ ಒಂದೇ ಮಾತು. ಹಿಂದೆ ಕರುಳಿನ ತಂತಿ, ಆಮೇಲೆ ನೈಲಾನ್, ಈಗ ಫ್ಲೋರೋಕಾರ್ಬನ್. ಈ ಕೊನೆಯದು ಮೀನು ಗಾಳದ ದಾರಕ್ಕೆ ಬಳಸುವ ವಸ್ತುವೇ. ತೆಳ್ಳಗಿರುತ್ತದೆ, ದನಿ ಸ್ಪಷ್ಟ. ಹಳೆಯ ಯುಕುಲೇಲಿ ಮಂಕಾಗಿದ್ದರೆ ಹೊಸದು ಕೊಳ್ಳುವ ಮೊದಲು ತಂತಿ ಬದಲಿಸಿ. ಆಮೇಲೆ ಒಂದು ವಾರ ಅದು ಶ್ರುತಿ ತಪ್ಪುತ್ತಲೇ ಇರುತ್ತದೆ, ಗಾಬರಿಯಾಗಬೇಡಿ. ತಂತಿ ಹಿಗ್ಗುತ್ತಿರುತ್ತದೆ, ಅಷ್ಟೇ.

ಆಕಾರದ ಬಗ್ಗೆ ಕೇಳಿದ್ದಿರಿ, ಮುಂದಿನ ಸಾಲಿನಲ್ಲಿ ಕುಳಿತವರು. ಈ ಸೊಂಟವಿಲ್ಲದ್ದು ಅನಾನಸ್ ಯುಕುಲೇಲಿ. ಇದನ್ನು ಮಾಡಿದವರು ಸ್ಯಾಮುಯೆಲ್ ಕಮಾಕಾ. ಆ ಮದೀರಾದ ನೂನೆಸ್ ಅವರ ಹತ್ತಿರವೇ ಕೆಲಸ ಕಲಿತವರು. 1916ರಲ್ಲಿ ಸ್ವಂತ ಕೆಲಸ ಶುರು ಮಾಡಿದರು. ಈ ಆಕಾರಕ್ಕೆ 1928ರಲ್ಲಿ ಪೇಟೆಂಟ್ ಪಡೆದರು. ಸೊಂಟ ತೆಗೆದರೆ ಹಲಗೆ ಅಗಲವಾಗುತ್ತದೆ, ಒಳಗೆ ಗಾಳಿಗೆ ಜಾಗ ಜಾಸ್ತಿ. ದನಿ ಸ್ವಲ್ಪ ದುಂಡಗೆ ಬರುತ್ತದೆ. ಇಲ್ಲಿ ಆಕಾರ ಬರೀ ಅಲಂಕಾರ ಅಲ್ಲ.

ಕಮಾಕಾ ಅವರ ಮನೆತನದವರು ಇವತ್ತಿಗೂ ಹೊನೊಲುಲುವಿನಲ್ಲಿ ಯುಕುಲೇಲಿ ಮಾಡುತ್ತಾರೆ. ಅವರ ಕಾರ್ಖಾನೆಯಲ್ಲಿ ಕಿವಿ ಕೇಳದವರು ಹಲವರು ವರ್ಷಗಟ್ಟಲೆ ಕೆಲಸ ಮಾಡಿದರು. ಹಲಗೆಯನ್ನು ಎಷ್ಟು ತೆಳ್ಳಗೆ ಹೆರೆಯಬೇಕು ಅನ್ನುವುದೇ ಈ ಕೆಲಸದ ಪ್ರಾಣ. ಅವರು ಹಲಗೆಯನ್ನು ತಟ್ಟಿ, ಅದರ ನಡುಕವನ್ನು ಬೆರಳ ತುದಿಯಲ್ಲೇ ಗ್ರಹಿಸಿ, ಇನ್ನೂ ಹೆರೆಯಬೇಕೋ ಸಾಕೋ ಅಂತ ಹೇಳಬಲ್ಲವರಾಗಿದ್ದರು. ಇದನ್ನು ಮೊದಲ ಸಲ ಓದಿದ ದಿನ ನಾನು ಎದ್ದು ಹೋಗಿ ನನ್ನ ಯುಕುಲೇಲಿಯ ಬೆನ್ನಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಂದು ತಂತಿ ಮೀಟಿದೆ. ಕೈಗೆ ಬಂತು.

ಈಗ ಒಬ್ಬೊಬ್ಬರೇ ಬನ್ನಿ. ಎಡಗೈ ವಾದ್ಯದ ಬೆನ್ನಿಗೆ ಇಡಿ. ಬಲಗೈಯ ಹೆಬ್ಬೆರಳಿನಿಂದ ಮೇಲಿನಿಂದ ಎರಡನೆಯ ತಂತಿ, ನಮ್ಮ ಷಡ್ಜ, ಒಂದು ಸಲ ಮೀಟಿ. ನಾಲ್ಕರಲ್ಲೂ ಮಾಡಿ ನೋಡಿ. ಯಾವುದು ಕೈಯೊಳಗೆ ಹೆಚ್ಚು ಹೊತ್ತು ನಡುಗಿತು ಅಂತ ನನಗೆ ಹೇಳಿ. ಬೆಲೆಯ ಚೀಟಿಗಳನ್ನು ಬೇಕೆಂದೇ ತೆಗೆದಿಟ್ಟಿದ್ದೇನೆ.